ದೂರದ ಬೆಟ್ಟ ನುಣ್ಣಗೆ: ಉಪಗ್ರಹದ ಕಣ್ಣಿಗೆ ಕಾಣುವ ನಮ್ಮ ಕಾಡು



‘ದೂರದ ಬೆಟ್ಟ ನುಣ್ಣಗೆ’ ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಗುಂಡ್ಲುಪೇಟೆಯ ಕಡೆ ನಿಂತು ನೋಡಿದರೆ ನೀಲಗಿರಿ ಒಂದು ನೀಲಿ ಗೋಡೆಯಂತೆ ಕಾಣುತ್ತದೆ. ಮುಳ್ಳು, ಕಲ್ಲು, ಕೊರಕಲು ಯಾವುದೂ ಕಾಣುವುದಿಲ್ಲ. ಕೆಕ್ಕನಹಳ್ಳ ದಾಟಿ, ತೆಪ್ಪಕಾಡು ಕಳೆದು, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯ 36 ತಿರುವುಗಳನ್ನು ಹತ್ತಿದವರಿಗೆ ಮಾತ್ರ ಈ ಬೆಟ್ಟ ಎಂಥದ್ದು ಎಂಬುದು ಗೊತ್ತಾಗುತ್ತದೆ. ಈಗ ಇದೇ ಬೆಟ್ಟವನ್ನು ಇನ್ನೂ ದೂರದಿಂದ, ಸುಮಾರು 800 ಕಿಲೋಮೀಟರ್ ಎತ್ತರದಿಂದ ನೋಡುವ ಕಣ್ಣುಗಳಿವೆ. ಅವೇ ದೂರ ಸಂವೇದಿ ಉಪಗ್ರಹಗಳು.

ಇದು ವಿಜ್ಞಾನಿಗಳ ಸಮಾಚಾರ, ನಮಗೇನು ಎಂದು ರೇಡಿಯೋ ಕಿವಿ ತಿರುಗಿಸಬೇಡಿ. ನಮ್ಮ ಜಿಲ್ಲೆಯಲ್ಲಿ ಎಷ್ಟು ಕಾಡಿದೆ, ಹೋದ ಸಲಕ್ಕಿಂತ ಹೆಚ್ಚಿತೋ ಇಳಿಯಿತೋ, ಯಾವ ಊರು ಸೂಕ್ಷ್ಮ ಪ್ರದೇಶದ ಗೆರೆಯ ಒಳಗೆ, ಯಾವುದು ಹೊರಗೆ ಎಂಬ ತೀರ್ಮಾನಗಳಿಗೆ ಈಗ ಉಪಗ್ರಹದ ಚಿತ್ರವೇ ಮುಖ್ಯ ಆಧಾರ. ಆ ಚಿತ್ರ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ಕಾಡಂಚಿನಲ್ಲಿ ಬದುಕುವ ನಮಗೆ ಗೊತ್ತಿರಬೇಕು. ಇವತ್ತಿನ ಮಾತು ಅದರ ಬಗ್ಗೆ.

ಒಂದು ವಸ್ತುವನ್ನು ಮುಟ್ಟದೆ, ದೂರದಿಂದಲೇ ಅದರ ಗುಣವನ್ನು ತಿಳಿಯುವುದು ದೂರ ಸಂವೇದನೆ. ಹೆಸರು ದೊಡ್ಡದು, ಕೆಲಸ ಹಳೆಯದು. ಬದುವಿನ ಮೇಲೆ ನಿಂತ ರೈತ, ಬೆಳೆ ಹಳದಿಗೆ ತಿರುಗಿದ್ದನ್ನು ಕಂಡು ಗೊಬ್ಬರ ಸಾಲದು ಎನ್ನುತ್ತಾನೆ. ಅವನು ಗಿಡವನ್ನು ಕಿತ್ತು ನೋಡಿಲ್ಲ. ಎಲೆಯಿಂದ ಬಂದ ಬೆಳಕೇ ಅವನಿಗೆ ಸುದ್ದಿ ಕೊಟ್ಟಿದೆ. ಉಪಗ್ರಹ ಮಾಡುವುದೂ ಇದನ್ನೇ. ಸೂರ್ಯನ ಬೆಳಕು ನೆಲಕ್ಕೆ ಬಿದ್ದು ಪುಟಿದು ಮೇಲೆ ಹೋಗುತ್ತದೆ. ನೀರು, ಮಣ್ಣು, ಹುಲ್ಲು, ಮರ ಇವು ಒಂದೊಂದೂ ತಮ್ಮದೇ ರೀತಿಯಲ್ಲಿ ಆ ಬೆಳಕನ್ನು ನುಂಗುತ್ತವೆ, ತಮ್ಮದೇ ರೀತಿಯಲ್ಲಿ ಹಿಂದಕ್ಕೆ ಕಳಿಸುತ್ತವೆ. ಆ ವ್ಯತ್ಯಾಸವನ್ನು ಅಳೆಯುವುದೇ ಉಪಗ್ರಹದ ಕೆಲಸ.

ಉದಕಮಂಡಲದಲ್ಲಿ ಹಿಂದೆ ಫೋಟೋ ಫಿಲಂ ಕಾರ್ಖಾನೆ ಇತ್ತು. ಜಿಲ್ಲೆಯ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿದ್ದ ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ನಮ್ಮ ಉಪಗ್ರಹಗಳಲ್ಲಿ ಅಂಥ ಫಿಲಂ ಸುರುಳಿ ಇಲ್ಲ. ಅವು ಬೆಳಕನ್ನು ಅಳೆದು, ಅಳತೆಯನ್ನು ಸಂಖ್ಯೆಗಳಾಗಿ ಮಾಡಿ, ರೇಡಿಯೋ ಅಲೆಗಳ ಮೂಲಕ ಕೆಳಗೆ ಕಳಿಸುತ್ತವೆ. ಈಗ ನನ್ನ ಮಾತು ನಿಮ್ಮ ಮನೆಗೆ ಬರುತ್ತಿರುವುದೂ ಅಂಥ ಅಲೆಗಳ ಮೇಲೆಯೇ. ಹೈದರಾಬಾದಿನ ಹತ್ತಿರ ಶಾದ್‌ನಗರದಲ್ಲಿ ದೊಡ್ಡ ಬಟ್ಟಲಿನಂಥ ಆಂಟೆನಾಗಳು ಆ ಸಂಖ್ಯೆಗಳನ್ನು ಹಿಡಿದುಕೊಳ್ಳುತ್ತವೆ. ಅಲ್ಲಿನ ರಾಷ್ಟ್ರೀಯ ದೂರ ಸಂವೇದಿ ಕೇಂದ್ರದವರು ಅವನ್ನು ಮತ್ತೆ ಚಿತ್ರವಾಗಿ ಜೋಡಿಸುತ್ತಾರೆ.

ಈ ಚಿತ್ರವನ್ನು ಒಂದು ಚಾಪೆಯಂತೆ ಊಹಿಸಿಕೊಳ್ಳಿ. ಚಾಪೆಯ ತುಂಬ ಸಣ್ಣ ಸಣ್ಣ ಚೌಕ. ಒಂದು ಚೌಕಕ್ಕೆ ಒಂದೇ ಬಣ್ಣ. ಚೌಕದೊಳಗೆ ನಾಲ್ಕು ಬಗೆಯ ಗಿಡಗಳಿದ್ದರೂ ಉಪಗ್ರಹಕ್ಕೆ ಅವೆಲ್ಲ ಕಲಸಿ ಒಂದೇ ಆಗಿ ಕಾಣುತ್ತವೆ. ಭಾರತದ ಮೊದಲ ಪೂರ್ಣ ಪ್ರಮಾಣದ ದೂರ ಸಂವೇದಿ ಉಪಗ್ರಹ ಐ.ಆರ್.ಎಸ್. 1ಎ, 1988ರ ಮಾರ್ಚ್ 17ರಂದು ಆಗಿನ ಸೋವಿಯತ್ ದೇಶದ ಬೈಕನೂರಿನಿಂದ ಹಾರಿತು. ಅದರ ಒಂದು ಕ್ಯಾಮರಾದ ಚೌಕ ಸುಮಾರು 72 ಮೀಟರ್ ಉದ್ದ, ಅಷ್ಟೇ ಅಗಲ. ಅಂದರೆ ಒಂದು ಎಕರೆ ಮೂವತ್ತು ಸೆಂಟಿನಷ್ಟು ಜಾಗಕ್ಕೆ ಒಂದೇ ಚುಕ್ಕೆ. ಈಗ ಕಾಡಿನ ಲೆಕ್ಕಕ್ಕೆ ಬಳಸುವ ರಿಸೋರ್ಸ್‌ಸ್ಯಾಟ್ ಉಪಗ್ರಹದ ಚೌಕ 23.5 ಮೀಟರಿನದು. ತಮಿಳುನಾಡಿನ ಲೆಕ್ಕದಲ್ಲಿ ಸುಮಾರು ಹದಿಮೂರೂವರೆ ಸೆಂಟ್, ಕರ್ನಾಟಕದ ಲೆಕ್ಕದಲ್ಲಿ ಐದೂವರೆ ಗುಂಟೆ. ಯುರೋಪಿನ ಸೆಂಟಿನೆಲ್ 2 ಉಪಗ್ರಹದ ಚೌಕ 10 ಮೀಟರಿನದು, ಹೆಚ್ಚುಕಡಿಮೆ ಒಂದೇ ಗುಂಟೆ. ಇದಕ್ಕಿಂತ ಚಿಕ್ಕದನ್ನು ಕಾಣುವ ಕ್ಯಾಮರಾಗಳೂ ಇವೆ. ಆದರೆ ಚೌಕ ಚಿಕ್ಕದಾದಷ್ಟೂ ಒಂದು ಸಲಕ್ಕೆ ಕಾಣುವ ಅಗಲವೂ ಕಿರಿದಾಗುತ್ತದೆ.

ನಮ್ಮ ಕಣ್ಣಿಗೆ ಎಲೆ ಹಸಿರು. ಉಪಗ್ರಹದ ಕಣ್ಣಿಗೆ ಎಲೆಯಲ್ಲಿ ಇನ್ನೊಂದು ಬಣ್ಣವೂ ಕಾಣುತ್ತದೆ. ಅದು ಅವಕೆಂಪು. ಕೆಂಪಿನ ಆಚೆಗಿನ ಈ ಬೆಳಕು ಮನುಷ್ಯರಿಗೆ ಕಾಣದು. ಆರೋಗ್ಯವಾದ ಎಲೆ ತನ್ನ ಆಹಾರ ತಯಾರಿಸಿಕೊಳ್ಳಲು ಕೆಂಪು ಬೆಳಕನ್ನು ನುಂಗಿಕೊಳ್ಳುತ್ತದೆ, ಅವಕೆಂಪನ್ನು ಬೇಡವೆಂದು ಹಿಂದಕ್ಕೆ ಎಸೆಯುತ್ತದೆ. ಒಣಗಿದ ಎಲೆ, ರೋಗದ ಎಲೆ ಹೀಗೆ ಮಾಡುವುದಿಲ್ಲ. ಆದ್ದರಿಂದ ಒಂದು ಚೌಕದಲ್ಲಿ ಅವಕೆಂಪು ಹೆಚ್ಚು, ಕೆಂಪು ಕಡಿಮೆ ಇದ್ದರೆ ಅಲ್ಲಿ ಜೀವಂತ ಹಸಿರು ದಟ್ಟವಾಗಿದೆ ಎಂದರ್ಥ.

ಈ ಗುಟ್ಟನ್ನು ನಮ್ಮ ದೇಶದಲ್ಲಿ ಮೊದಲು ಪ್ರಯೋಗಿಸಿ ನೋಡಿದ್ದು ನಮ್ಮ ನೆರೆಯ ಕೇರಳದಲ್ಲಿ. ಅಲ್ಲಿನ ತೆಂಗಿಗೆ ಬೇರು ಸೊರಗು ರೋಗ ಬಂದಿತ್ತು. 1970ರ ಸುಮಾರಿಗೆ ಪಿ.ಆರ್. ಪಿಷಾರೊಟಿ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಹೆಲಿಕಾಪ್ಟರಿನಿಂದ ಅವಕೆಂಪು ಫಿಲಂನಲ್ಲಿ ತೆಂಗಿನ ತೋಟಗಳ ಚಿತ್ರ ತೆಗೆದರು. ಕೆಳಗೆ ನಿಂತವರ ಕಣ್ಣಿಗೆ ಚೆನ್ನಾಗಿಯೇ ಇದ್ದ ಕೆಲವು ಮರಗಳು ಚಿತ್ರದಲ್ಲಿ ರೋಗಿಗಳಾಗಿ ಕಂಡವು. ಭಾರತದ ದೂರ ಸಂವೇದನೆಗೆ ಪಿಷಾರೊಟಿಯವರನ್ನು ಪಿತಾಮಹ ಎನ್ನುವುದು ಇದರಿಂದಲೇ. ಅದಾದ ಮೇಲೆ 1979ರಲ್ಲಿ ‘ಭಾಸ್ಕರ’ ಎಂಬ ಪ್ರಾಯೋಗಿಕ ಉಪಗ್ರಹ ಹಾರಿತು, 1988ರಲ್ಲಿ ಐ.ಆರ್.ಎಸ್. ಬಂತು. ಆ ಹೊತ್ತಿಗೆ ಇಸ್ರೋ ಸಂಸ್ಥೆಯ ಅಧ್ಯಕ್ಷರಾಗಿದ್ದವರು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಕನ್ನಡಿಗರು, ಯು.ಆರ್. ರಾವ್.

ಅವಕೆಂಪು ನಮಗೆ ಕಾಣದ್ದರಿಂದ ಚಿತ್ರ ಜೋಡಿಸುವಾಗ ಅದಕ್ಕೆ ಕೆಂಪು ಬಣ್ಣ ಕೊಡುವ ರೂಢಿ ಇದೆ. ಹಾಗಾಗಿ ಉಪಗ್ರಹದ ಚಿತ್ರದಲ್ಲಿ ಕಾಡು ಕೆಂಪಗೆ ಕಾಣುತ್ತದೆ. ಮೊದಲ ಸಲ ನೋಡಿದವರು ಕಾಡಿಗೆ ಬೆಂಕಿ ಬಿದ್ದಿದೆಯೇ ಎಂದು ಗಾಬರಿಯಾಗುವುದುಂಟು. ನಮ್ಮ ಜಿಲ್ಲೆಯ ಇಂಥ ಚಿತ್ರದಲ್ಲಿ ಕಣಿವೆಗಳಲ್ಲಿ ಅಡಗಿದ ಶೋಲಾ ಕಾಡು ಕಡುಗೆಂಪು. ಚಹಾ ತೋಟ ನಯವಾದ ತಿಳಿಗೆಂಪು. ಕೆರೆ ಮತ್ತು ಅಣೆಕಟ್ಟಿನ ನೀರು ಕಪ್ಪು. ಬೇಸಿಗೆಯ ಮಸಿನಗುಡಿ ಬಯಲು ಬೂದು.

ಬಣ್ಣ ಹೀಗೆ ಬೇರೆ ಬೇರೆಯಾಗಿ ಕಂಡರೆ ಕಾಡನ್ನು ಎಣಿಸುವುದು ಸುಲಭವಲ್ಲವೇ ಎಂದು ನೀವು ಕೇಳಬಹುದು. ಸುಲಭವಲ್ಲ. ನಮ್ಮ ದೇಶದ ಮೊದಲ ಎಣಿಕೆಯ ಕಥೆಯನ್ನೇ ಕೇಳಿ. ಹೈದರಾಬಾದಿನ ದೂರ ಸಂವೇದಿ ಸಂಸ್ಥೆಯವರು ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳನ್ನು ನೋಡಿ, 1972ರಿಂದ 75ರ ನಡುವೆ ದೇಶದ ನೆಲದಲ್ಲಿ ಶೇಕಡಾ 16.89ರಷ್ಟಿದ್ದ ಕಾಡು 1980ರಿಂದ 82ರ ಹೊತ್ತಿಗೆ ಶೇಕಡಾ 14.10ಕ್ಕೆ ಇಳಿದಿದೆ ಎಂದರು. ದೇಶವೇ ಬೆಚ್ಚಿತು. ಅಷ್ಟರಲ್ಲಿ 1981ರಲ್ಲಿ ಹುಟ್ಟಿದ್ದ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ ಹೆಚ್ಚುಕಡಿಮೆ ಅವೇ ವರ್ಷಗಳ ಚಿತ್ರಗಳನ್ನು ನೋಡಿ 1987ರ ತನ್ನ ಮೊದಲ ವರದಿಯಲ್ಲಿ ಶೇಕಡಾ 19.49 ಎಂದಿತು. ಆಕಾಶದ ಕಣ್ಣು ಒಂದೇ, ನೋಡಿದ ನೆಲ ಒಂದೇ. ಲೆಕ್ಕ ಮಾತ್ರ ಎರಡು! ಎರಡೂ ಸಂಸ್ಥೆಗಳು ಕೂತು ಲೆಕ್ಕ ಹೊಂದಿಸಬೇಕಾಯಿತು. ಯಾವ ಬಣ್ಣಕ್ಕೆ ಕಾಡು ಎನ್ನಬೇಕು, ಎಷ್ಟು ತೆಳುವಾದರೆ ಕಾಡಲ್ಲ ಎನ್ನಬೇಕು ಎಂಬುದನ್ನು ಉಪಗ್ರಹ ಹೇಳುವುದಿಲ್ಲ. ಅದನ್ನು ಹೇಳುವವರು ಮನುಷ್ಯರು.

ಈಗ ಸರ್ವೇಕ್ಷಣ ಸಂಸ್ಥೆ ಸುಮಾರು ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತದೆ. 2023ರ ವರದಿಯ ಪ್ರಕಾರ ದೇಶದ ಅರಣ್ಯ ಹೊದಿಕೆ 7,15,343 ಚದರ ಕಿಲೋಮೀಟರ್, ಅಂದರೆ ಶೇಕಡಾ 21.76. ಈ ‘ಅರಣ್ಯ ಹೊದಿಕೆ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಗಿಂತ ಹೆಚ್ಚಿನ ಜಾಗ. ಅದರಲ್ಲಿ ನೆಲದ ಶೇಕಡಾ 10ಕ್ಕಿಂತ ಹೆಚ್ಚು ಭಾಗಕ್ಕೆ ಮರದ ನೆತ್ತಿಯ ನೆರಳು. ಇಷ್ಟಿದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು ಎಂದು ಕೇಳುವುದಿಲ್ಲ, ನೆಲ ಯಾರದು ಎಂದೂ ಕೇಳುವುದಿಲ್ಲ. ಕಾಫಿ ತೋಟದ ನೆರಳು, ರಬ್ಬರ್ ತೋಟ, ಹಣ್ಣಿನ ತೋಪು ಎಲ್ಲವೂ ಈ ಲೆಕ್ಕಕ್ಕೆ ಸೇರುತ್ತವೆ.

ಇದು ನಮ್ಮ ಬೆಟ್ಟಕ್ಕೆ ಬಂದಾಗ ಏನಾಗುತ್ತದೆ ನೋಡಿ. ಮೇಲಿನ ನೀಲಗಿರಿಯ ಮೂಲ ರೂಪ ಹುಲ್ಲುಗಾವಲು ಮತ್ತು ಶೋಲಾ. ಬೆಟ್ಟದ ಬೆನ್ನೆಲ್ಲ ಹುಲ್ಲು, ಹಳ್ಳದ ಮಡಿಲಲ್ಲಿ ಮಾತ್ರ ಮರ. ತೊದವರ ಎಮ್ಮೆಗಳು ಮೇದದ್ದು ಈ ಹುಲ್ಲನ್ನು. ಮುಕುರ್ತಿಯ ವರೆಯಾಡು ಬದುಕಿರುವುದು ಈ ಹುಲ್ಲಿನ ಮೇಲೆ. ಮಳೆ ನೀರನ್ನು ಹಿಡಿದಿಟ್ಟು ತೊರೆಗೆ ಬಿಡುವುದೂ ಈ ಹುಲ್ಲು ಮತ್ತು ಶೋಲಾಗಳ ಜೋಡಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಆಸ್ಟ್ರೇಲಿಯಾದಿಂದ ಎರಡು ಬಗೆಯ ಮರ ತಂದರು. ಒಂದು, ತಮಿಳಿನಲ್ಲಿ ತೈಲಮರ ಎನ್ನುವ ಮರ. ಹೊರಗಿನಿಂದ ಬಂದ ಅದಕ್ಕೆ ಕನ್ನಡದಲ್ಲಿ ನಮ್ಮ ಬೆಟ್ಟದ ಹೆಸರೇ ಅಂಟಿಕೊಂಡು ‘ನೀಲಗಿರಿ ಮರ’ ಆಯಿತು. ಇನ್ನೊಂದು ವ್ಯಾಟಲ್, ಈ ಕಡೆ ಸೀಗೆ ಮರ ಎನ್ನುತ್ತೇವೆ. ಸ್ವಾತಂತ್ರ್ಯದ ನಂತರವೂ ಸೌದೆಗೆ, ಚರ್ಮ ಹದ ಮಾಡುವ ತೊಗಟೆಗೆ ಎಂದು ಹುಲ್ಲುಗಾವಲಿನ ಮೇಲೆ ಇವನ್ನು ನೆಡಲಾಯಿತು. ನೆಟ್ಟಲ್ಲಿಗೆ ವ್ಯಾಟಲ್ ನಿಲ್ಲಲಿಲ್ಲ. ಬೀಜ ಸಿಡಿದು ತಾನಾಗಿಯೇ ಹಬ್ಬಿತು.

ಈಗ ಅರಣ್ಯ ಹೊದಿಕೆಯ ಲೆಕ್ಕ ಹಾಕಿ. ಹುಲ್ಲುಗಾವಲಿನಲ್ಲಿ ಮರವಿಲ್ಲ, ಆದ್ದರಿಂದ ಅದರ ಬೆಲೆ ಸೊನ್ನೆ. ಅದೇ ಹುಲ್ಲನ್ನು ವ್ಯಾಟಲ್ ನುಂಗಿದರೆ ಅಲ್ಲಿ ಮರ ಬಂತು, ಹೊದಿಕೆ ಹೆಚ್ಚಿತು! ಬೆಟ್ಟಕ್ಕೆ ಆದ ನಷ್ಟ ಪುಸ್ತಕದಲ್ಲಿ ಲಾಭವಾಗಿ ಬರುತ್ತದೆ. ಹಾಗೆಂದು ಉಪಗ್ರಹವನ್ನು ಬೈಯುವುದು ಸರಿಯಲ್ಲ. ಏಕೆಂದರೆ ಈ ನಷ್ಟವನ್ನು ತೋರಿಸಿಕೊಟ್ಟಿದ್ದೂ ಉಪಗ್ರಹವೇ. ನೆಲ ಬಲ್ಲ ವಿಜ್ಞಾನಿಗಳು 1973ರಿಂದ ಈಚಿನ ಲ್ಯಾಂಡ್‌ಸ್ಯಾಟ್ ಚಿತ್ರಗಳನ್ನು ಒಂದರ ಪಕ್ಕ ಒಂದು ಇಟ್ಟು, ಯಾವುದು ಹುಲ್ಲು, ಯಾವುದು ಶೋಲಾ, ಯಾವುದು ನೆಟ್ಟ ಮರ ಎಂದು ಬೇರೆ ಬೇರೆ ಗುರುತು ಹಾಕಿದರು. ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳಲ್ಲಿ ಮೂರರಲ್ಲಿ ಎರಡು ಪಾಲು ಹುಲ್ಲುಗಾವಲು ಹೋಗಿದೆ ಎಂದು 2018ರಲ್ಲಿ ಪ್ರಕಟವಾಯಿತು. ನೀಲಗಿರಿ, ಪಳನಿ, ಆನೆಮಲೆ ಸೇರಿದಂತೆ ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ 44 ವರ್ಷಗಳಲ್ಲಿ ಶೇಕಡಾ 23ರಷ್ಟು ಹುಲ್ಲುಗಾವಲನ್ನು ಹೊರಗಿನ ಮರಗಳು ಆಕ್ರಮಿಸಿವೆ ಎಂದು 2019ರ ಇನ್ನೊಂದು ಅಧ್ಯಯನ ಹೇಳಿತು. ಕಣ್ಣು ಅದೇ. ಕೇಳಿದ ಪ್ರಶ್ನೆ ಬೇರೆ, ಆದ್ದರಿಂದ ಉತ್ತರವೂ ಬೇರೆ.

ಮೇಲಿನ ಬೆಟ್ಟದಿಂದ ಕೆಳಗಿಳಿದು ಮುದುಮಲೆಗೆ ಬರೋಣ. ಇಲ್ಲಿ ಇನ್ನೊಂದು ತೊಡಕು. ಗೂಡಲೂರಿನ ಕಡೆ ಮುಂಗಾರು ಜೋರು, ಕಾಡು ವರ್ಷವಿಡೀ ಹೆಚ್ಚುಕಡಿಮೆ ಹಸಿರು. ಮಸಿನಗುಡಿ ಬೆಟ್ಟದ ಮರೆಯಲ್ಲಿದೆ, ಮಳೆ ಕಡಿಮೆ, ಮಾಘ ಫಾಲ್ಗುಣಕ್ಕೆ ಮರಗಳೆಲ್ಲ ಎಲೆ ಉದುರಿಸಿ ಬೋಳಾಗುತ್ತವೆ. ನವೆಂಬರಿನ ಚಿತ್ರವನ್ನು ಮಾರ್ಚಿನ ಚಿತ್ರದ ಪಕ್ಕ ಇಟ್ಟರೆ ನಾಲ್ಕು ತಿಂಗಳಲ್ಲಿ ಅರ್ಧ ಕಾಡು ಕಡಿದರು ಎಂದು ಅನಿಸೀತು! ಕಡಿದವರು ಯಾರೂ ಇಲ್ಲ, ಅದು ಋತುವಿನ ಧರ್ಮ. ಆದ್ದರಿಂದಲೇ ಸರ್ವೇಕ್ಷಣ ಸಂಸ್ಥೆಯವರು ಹೆಚ್ಚಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಚಿತ್ರಗಳನ್ನು ಆರಿಸಿಕೊಳ್ಳುತ್ತಾರೆ. ಆಗ ಮೋಡ ಚದುರಿರುತ್ತದೆ, ಎಲೆ ಇನ್ನೂ ಉದುರಿರುವುದಿಲ್ಲ. ಯಾರಾದರೂ ಎರಡು ಚಿತ್ರ ತೋರಿಸಿ ಕಾಡು ಹೋಯಿತು ಅಥವಾ ಬಂತು ಎಂದರೆ, ಮೊದಲು ಕೇಳಬೇಕಾದ ಪ್ರಶ್ನೆ, ಇವು ಯಾವ ತಿಂಗಳಿನ ಚಿತ್ರಗಳು ಎಂಬುದು.

ಬೆಂಕಿಯ ವಿಷಯದಲ್ಲಿ ಉಪಗ್ರಹ ಬಹಳ ಉಪಕಾರಿ. 2004ರಿಂದ ಸರ್ವೇಕ್ಷಣ ಸಂಸ್ಥೆ ಕಾಡಿನ ಬೆಂಕಿಯ ಸೂಚನೆಯನ್ನು ರಾಜ್ಯಗಳಿಗೆ ಕಳಿಸುತ್ತಿದೆ. ಮೊದಲು ಬಳಸಿದ ಉಪಕರಣದ ಚೌಕ ಒಂದು ಕಿಲೋಮೀಟರಿನದು, ಸುಮಾರು 250 ಎಕರೆಗೆ ಒಂದು ಚುಕ್ಕೆ. 2017ರಿಂದ 375 ಮೀಟರಿನ ಚೌಕವೂ ಸೇರಿತು, ಅಂದರೆ ಸುಮಾರು 35 ಎಕರೆ. ಚೌಕವೆಲ್ಲ ಉರಿಯಬೇಕೆಂದೇನಿಲ್ಲ, ಅದರ ಒಂದು ಮೂಲೆಯ ಶಾಖವೂ ಸಾಕು. ಸೂಚನೆ ಅರಣ್ಯ ಸಿಬ್ಬಂದಿಯ ಮೊಬೈಲಿಗೆ ಬರುತ್ತದೆ. ಹೆಸರು ನೋಂದಾಯಿಸಿಕೊಂಡರೆ ಸಾಮಾನ್ಯ ನಾಗರಿಕರಿಗೂ ಬರುತ್ತದೆ.

ಆದರೆ ಈ ಕಣ್ಣು ನಮ್ಮ ಮೇಲೆ ಸದಾ ತೆರೆದಿರುವುದಿಲ್ಲ. ಇಂಥ ಉಪಗ್ರಹ ದಾಟುವುದು ಮಧ್ಯಾಹ್ನ ಒಂದೂವರೆಯ ಆಸುಪಾಸಿಗೆ, ಮತ್ತೆ ನಡುರಾತ್ರಿ ಕಳೆದ ಮೇಲೆ. ಮೂರು ಗಂಟೆಗೆ ಹೊತ್ತಿದ ಬೆಂಕಿ ಅದಕ್ಕೆ ಕಾಣುವುದು ರಾತ್ರಿಯೇ. ಅಷ್ಟರಲ್ಲಿ ಫೆಬ್ರವರಿಯ ಗಾಳಿಗೆ ಒಣಹುಲ್ಲು, ಲಂಟಾನ ಎಷ್ಟು ದೂರ ಉರಿದುಹೋಗುತ್ತದೆ ಎಂಬುದು ನಿಮಗೆ ಗೊತ್ತು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಕಡೆ ಎದ್ದ ಬೆಂಕಿಯ ಹೊಗೆಯನ್ನು ಗಡಿಯ ಎರಡೂ ಕಡೆಯವರು ಕಂಡಿದ್ದೀರಿ. ಅದು ಕೆಲವೇ ದಿನಗಳಲ್ಲಿ 10,000 ಎಕರೆಗೂ ಮೀರಿ ಸುಟ್ಟಿತು. ಸುಟ್ಟ ಜಾಗ ಎಷ್ಟು ಎಂಬುದನ್ನು ಉಪಗ್ರಹದ ಚಿತ್ರದಿಂದಲೇ ಅಳೆದರು. ಬೆಂಕಿಯನ್ನು ಆರಿಸಿದ್ದು ಮಾತ್ರ ಸೊಪ್ಪು ಹಿಡಿದು ಹೊಡೆದ ಕೈಗಳು, ಹೆಲಿಕಾಪ್ಟರಿನಿಂದ ಸುರಿದ ನೀರು. ಹೊಗೆ ಕಂಡ ಕೂಡಲೇ ಕಾವಲುಗಾರನೋ ದನಗಾಹಿಯೋ ಮಾಡುವ ಒಂದು ಫೋನ್ ಕರೆ, ಎಷ್ಟೋ ಸಲ ಉಪಗ್ರಹಕ್ಕಿಂತ ಹತ್ತು ಗಂಟೆ ಮುಂದಿರುತ್ತದೆ.

ಉಪಗ್ರಹದ ನಿಜವಾದ ಬಲ ಇರುವುದು ಅದರ ನೆನಪಿನಲ್ಲಿ. ಯಾವ ತುಂಡು ಯಾವ ವರ್ಷ ಸುಟ್ಟಿತು ಎಂಬುದನ್ನು ಅದು ಮರೆಯುವುದಿಲ್ಲ. ಮುದುಮಲೆಯ ಸುತ್ತಿನ ಕಾಡಿನ ಇಂಥ ನಕ್ಷೆಗಳನ್ನು ಬ್ರಿಟಿಷರ ಕಾಲದ ದಾಖಲೆಗಳ ಜೊತೆ ಹೋಲಿಸಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸರಾಸರಿ 10 ವರ್ಷಕ್ಕೊಮ್ಮೆ ಸುಡುತ್ತಿದ್ದ ಕಾಡು, ಶತಮಾನದ ಕೊನೆಗೆ ಮೂರು ಮೂರೂವರೆ ವರ್ಷಕ್ಕೊಮ್ಮೆ ಸುಡುತ್ತಿತ್ತು. ಬಿದ್ದ ಬೀಜ ಮೊಳೆತು ಆಳೆತ್ತರ ಬೆಳೆಯುವ ಮೊದಲೇ ಮತ್ತೆ ಬೆಂಕಿ. ದೊಡ್ಡ ಮರ ನಿಂತಿದೆ, ಮೇಲಿನಿಂದ ಹಸಿರು ಕಾಣುತ್ತದೆ. ಆದರೆ ಅದರ ಕೆಳಗೆ ಮುಂದಿನ ತಲೆಮಾರಿನ ಮರ ಇಲ್ಲ.

ಹಸಿರಿನ ಕೆಳಗೆ ಏನಿದೆ ಎಂಬ ಈ ಪ್ರಶ್ನೆಯೇ ನಮ್ಮ ಕಾಡಿನ ದೊಡ್ಡ ಪ್ರಶ್ನೆ. ಬ್ರೆಜಿಲ್ ದೇಶದ ಅಮೆಜಾನ್ ಕಾಡಿನಲ್ಲಿ ಮರವನ್ನು ಬುಡಸಮೇತ ಕಡಿದು ದನದ ಹುಲ್ಲುಗಾವಲು ಮಾಡುತ್ತಾರೆ. ಅದು ಮೇಲಿನಿಂದ ಗಾಯದಂತೆ ಎದ್ದು ಕಾಣುತ್ತದೆ. ಆ ದೇಶ 1988ರಿಂದ ಪ್ರತಿ ವರ್ಷ ಅದನ್ನು ಉಪಗ್ರಹದಿಂದ ಅಳೆಯುತ್ತಿದೆ. 2004ರಲ್ಲಿ ಒಂದೇ ವರ್ಷಕ್ಕೆ 27,000 ಚದರ ಕಿಲೋಮೀಟರಿಗೂ ಹೆಚ್ಚು ಕಾಡು ಕಡಿದಿದ್ದರು. ತ್ವರಿತ ಎಚ್ಚರಿಕೆಯ ವ್ಯವಸ್ಥೆ, ಸ್ಥಳಕ್ಕೆ ಹೋಗಿ ತಡೆಯುವ ಅಧಿಕಾರಿಗಳು, ಇತರ ಕ್ರಮಗಳು ಕೂಡಿದಾಗ 2012ಕ್ಕೆ ಅದು 5,000ಕ್ಕಿಂತ ಕೆಳಗಿಳಿಯಿತು. ನಮ್ಮಲ್ಲಿ ಕಾಡು ಹಾಗೆ ಒಮ್ಮೆಲೇ ಹೋಗುವುದಿಲ್ಲ. ಒಳಗಿನಿಂದ ಬದಲಾಗುತ್ತದೆ.

ತಮಿಳಿನಲ್ಲಿ ಉಣ್ಣಿಚ್ಚೆಡಿ ಎನ್ನುವ ಲಂಟಾನ ಮರದ ಕೆಳಗೆ ಹಬ್ಬುತ್ತದೆ. ಮೇಲಿನ ಎಲೆಯ ಛಾವಣಿ ಅದನ್ನು ಉಪಗ್ರಹದಿಂದ ಮುಚ್ಚಿಡುತ್ತದೆ. ಹಳದಿ ಹೂವಿನ ಸೆನ್ನಾ ಮರ ಮುದುಮಲೆ, ಬಂಡೀಪುರ, ವಯನಾಡು ಮೂರೂ ಕಡೆ ಹಬ್ಬಿದೆ. ಅದರ ಕೆಳಗೆ ಹುಲ್ಲು ಬೆಳೆಯುವುದು ಕಷ್ಟ, ಆದರೂ ಹೊದಿಕೆಯ ಲೆಕ್ಕದಲ್ಲಿ ಅದೂ ಮರವೇ. ಹುಲ್ಲಿಲ್ಲದ ಕಾಡಿನಿಂದ ಜಿಂಕೆ, ಕಾಟಿ, ಆನೆ ಹೊಲದ ಕಡೆಗೆ ಬಂದರೆ ನಷ್ಟ ಯಾರಿಗೆ ಎಂಬುದನ್ನು ನಾನು ಹೇಳಬೇಕಾಗಿಲ್ಲ. ತಮಿಳುನಾಡು ಸರ್ಕಾರ 2022ರಲ್ಲಿ ಇಂಥ ಆಕ್ರಮಣಕಾರಿ ಗಿಡಗಳನ್ನು ತೆಗೆಯಲು ಒಂದು ನೀತಿಯನ್ನೇ ತಂದಿತು. ಮುದುಮಲೆಯ ಸೆನ್ನಾವನ್ನು ಕಡಿದು ಕಾಗದದ ಕಾರ್ಖಾನೆಗೆ ಕಳಿಸುವ ಕೆಲಸವೂ ಆರಂಭವಾಯಿತು.

ಮರದ ಕೆಳಗಿನದನ್ನು ತಿಳಿಯಲು ಕೆಳಗೇ ಹೋಗಬೇಕು. ಅದಕ್ಕೆ ಒಳ್ಳೆಯ ಉದಾಹರಣೆ ಮುದುಮಲೆಯಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು, ಆನೆಗಳ ಅಧ್ಯಯನಕ್ಕೆ ಹೆಸರಾದ ಆರ್. ಸುಕುಮಾರ್ ಅವರ ನೇತೃತ್ವದಲ್ಲಿ, 1988ರಲ್ಲಿ ಅಲ್ಲಿ 50 ಹೆಕ್ಟೇರ್ ಕಾಡನ್ನು ಗುರುತು ಹಾಕಿಕೊಂಡರು. ಒಂದು ಸೆಂಟಿಮೀಟರಿಗಿಂತ ದಪ್ಪ ಕಾಂಡವಿರುವ ಪ್ರತಿಯೊಂದು ಮರಗಿಡಕ್ಕೂ ನಂಬರಿನ ಬಿಲ್ಲೆ ಕಟ್ಟಿ ಅಳೆದರು. ಆನೆ ಮುರಿದದ್ದು, ಬೆಂಕಿಗೆ ಸತ್ತದ್ದು, ಹೊಸದಾಗಿ ಹುಟ್ಟಿದ್ದು, ಎಲ್ಲಕ್ಕೂ ಅಲ್ಲಿ ಲೆಕ್ಕವಿದೆ. ಲಂಟಾನ ವರ್ಷದಿಂದ ವರ್ಷಕ್ಕೆ ಹೇಗೆ ಹೆಚ್ಚಿತು ಎಂಬ ದಾಖಲೆಯೂ ಆ ತುಂಡಿನಿಂದಲೇ ಬಂತು. ನಮ್ಮ ಮೊದಲ ಪೂರ್ಣ ಪ್ರಮಾಣದ ದೂರ ಸಂವೇದಿ ಉಪಗ್ರಹ ಹಾರಿದ ವರ್ಷವೇ ಈ ನೆಲದ ಲೆಕ್ಕವೂ ಶುರುವಾಯಿತು. ಹೀಗೆ ನೆಲದ ಮೇಲೆ ನಿಂತು ಆಕಾಶದ ಚಿತ್ರವನ್ನು ಒರೆಗೆ ಹಚ್ಚುವುದನ್ನು ವಿಜ್ಞಾನಿಗಳು ನೆಲದ ಸತ್ಯ ಎನ್ನುತ್ತಾರೆ.

ಉಪಗ್ರಹಗಳೂ ಸುಧಾರಿಸುತ್ತಿವೆ. ಮುಂಗಾರಿನ ನಾಲ್ಕು ತಿಂಗಳು ಮೋಡ ಕವಿದು ಸಾಮಾನ್ಯ ಕ್ಯಾಮರಾ ಕುರುಡಾಗುತ್ತದೆ. ರೇಡಾರ್ ಉಪಗ್ರಹಕ್ಕೆ ಮೋಡವೂ ಅಡ್ಡಿಯಲ್ಲ, ಕತ್ತಲೆಯೂ ಅಡ್ಡಿಯಲ್ಲ. ಅದು ತಾನೇ ಅಲೆಗಳನ್ನು ಕಳಿಸಿ ಅವುಗಳ ಪ್ರತಿಧ್ವನಿ ಕೇಳುತ್ತದೆ. ನಮ್ಮ ದೇಶ 2012ರಲ್ಲಿ ರಿಸ್ಯಾಟ್ 1 ಎಂಬ ರೇಡಾರ್ ಉಪಗ್ರಹವನ್ನು ಹಾರಿಸಿತು. 2025ರ ಜುಲೈ 30ರಂದು ಇಸ್ರೋ ಮತ್ತು ಅಮೆರಿಕದ ನಾಸಾ ಕೂಡಿ ಮಾಡಿದ ನಿಸಾರ್ ಉಪಗ್ರಹ ಶ್ರೀಹರಿಕೋಟಾದಿಂದ ಹಾರಿತು. ಅದರ ಉದ್ದನೆಯ ಅಲೆಗಳು ಎಲೆಯ ಛಾವಣಿಯನ್ನು ತೂರಿ ಕೊಂಬೆ, ಕಾಂಡಗಳ ಸುದ್ದಿಯನ್ನೂ ತರಬಲ್ಲವು. 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ. ಇಷ್ಟಾದರೂ ಆ ಕಾಂಡ ತೇಗವೋ ಸೆನ್ನಾವೋ ಎಂದು ಖಚಿತಪಡಿಸಿಕೊಳ್ಳಲು ನೆಲಕ್ಕೆ ಬರಲೇಬೇಕು.

ಇನ್ನು ನಮ್ಮ ಊರುಗಳ ಮಾತು. 2013ರಲ್ಲಿ ಕೆ. ಕಸ್ತೂರಿರಂಗನ್ ಅವರ ನೇತೃತ್ವದ ತಂಡ ಉಪಗ್ರಹದ ಚಿತ್ರಗಳನ್ನು ಆಧರಿಸಿ, ಪಶ್ಚಿಮ ಘಟ್ಟದ ಸುಮಾರು ಶೇಕಡಾ 37ರಷ್ಟು ನೆಲವನ್ನು ಪರಿಸರ ಸೂಕ್ಷ್ಮ ಪ್ರದೇಶ ಎಂದು ಗುರುತಿಸಿತು. ಆರು ರಾಜ್ಯಗಳ 4,156 ಹಳ್ಳಿಗಳ ಪಟ್ಟಿ ಬಂತು. ಒಂದು ಹಳ್ಳಿಯ ನೆಲದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಭಾಗ ಇಂಥ ಸಹಜ ಹಸಿರಾಗಿದ್ದರೆ ಇಡೀ ಹಳ್ಳಿ ಪಟ್ಟಿಗೆ ಸೇರಿತು. ನಮ್ಮ ತೋಟವನ್ನೂ ಕಾಡು ಎಂದು ಎಣಿಸಿದ್ದಾರೆ ಎಂಬ ಕೂಗು ಕೇರಳದಲ್ಲೂ ಕೊಡಗಿನಲ್ಲೂ ಎದ್ದಿತು. ಕೇರಳ ಸರ್ಕಾರ ಒಂದು ತಜ್ಞರ ಸಮಿತಿ ಮಾಡಿ, ಸ್ಥಳ ಪರಿಶೀಲನೆ ನಡೆಸಿ, ತನ್ನ ಪಾಲಿನ 13,108 ಚದರ ಕಿಲೋಮೀಟರನ್ನು 9,993ಕ್ಕೆ ಇಳಿಸಬೇಕೆಂದು ಕೇಳಿತು. ಕೇಂದ್ರದ 2014ರ ಕರಡು ಅಧಿಸೂಚನೆಯಲ್ಲಿ ಕೇರಳದ ಆ ಅಳತೆಯೇ ಬಂತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಬೇಡ. ನಮಗೆ ಮುಖ್ಯವಾದದ್ದು ಇಷ್ಟು: ನಕ್ಷೆಯನ್ನು ಹಿಡಿದು ನೆಲಕ್ಕೆ ಹೋದ ರಾಜ್ಯಕ್ಕೆ ಮಾತಾಡಲು ಒಂದು ಆಧಾರ ಸಿಕ್ಕಿತು.

ಕಾಡಿನೊಳಗೆ ಬಾಳುವ ಕುರುಂಬರು, ಇರುಳರು, ಪಣಿಯರು, ಕಾಟುನಾಯಕರು ಮುಂತಾದವರು ಇನ್ನೊಂದು ವಿಷಯ ತಿಳಿದಿರಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ ಅರ್ಜಿ ಹಾಕಿದಾಗ, ಹಳೆಯ ಉಪಗ್ರಹ ಚಿತ್ರದಲ್ಲಿ ನಿಮ್ಮ ಹೊಲ ಕಾಣುತ್ತಿಲ್ಲ ಎಂಬ ಆಕ್ಷೇಪ ಬರಬಹುದು. ಅರ್ಧ ಎಕರೆಯ ರಾಗಿ ಹೊಲ, ನಡುವೆ ಹಲಸಿನ ಮರ, ಬದಿಯಲ್ಲಿ ಗುಡಿಸಲು, ಇವು ಎಕರೆಗೂ ದೊಡ್ಡದಾದ ಹಳೆಯ ಚೌಕದಲ್ಲಿ ಕಾಣುವುದಾದರೂ ಹೇಗೆ? 2012ರಲ್ಲಿ ತಿದ್ದುಪಡಿಯಾದ ಆ ಕಾಯ್ದೆಯ ನಿಯಮಗಳು ಇದನ್ನು ಸ್ಪಷ್ಟವಾಗಿ ಹೇಳುತ್ತವೆ. ಉಪಗ್ರಹದ ಚಿತ್ರ ಬೇರೆ ಸಾಕ್ಷ್ಯಗಳಿಗೆ ಪೂರಕವಾಗಬಹುದು, ಅವುಗಳ ಬದಲಿಗೆ ನಿಲ್ಲುವಂತಿಲ್ಲ. ಹಿರಿಯರ ಹೇಳಿಕೆ, ಹಳೆಯ ಮನೆಯ ಅಡಿಪಾಯ, ಸಮಾಧಿ, ಪೂಜೆಯ ಮರ, ಇವೂ ಸಾಕ್ಷ್ಯಗಳೇ.

ಹಾಗಾದರೆ ನಾವು ಮಾಡಬೇಕಾದದ್ದೇನು? ನಕ್ಷೆಯ ಮಾತು ಬಂದಾಗ ಹೆದರಿ ಹಿಂದೆ ಸರಿಯಬಾರದು, ಎಲ್ಲ ಸುಳ್ಳು ಎಂದು ಕೂಗಲೂಬಾರದು. ಚಿತ್ರ ಯಾವ ವರ್ಷದ್ದು, ಯಾವ ತಿಂಗಳಿನದು, ಅದರ ಚೌಕ ಎಷ್ಟು ದೊಡ್ಡದು, ಸ್ಥಳಕ್ಕೆ ಬಂದು ನೋಡಿದವರು ಯಾರು ಎಂಬ ನಾಲ್ಕು ಪ್ರಶ್ನೆ ಕೇಳಬೇಕು. ತಮಿಳಿನಲ್ಲಾಗಲಿ ಕನ್ನಡದಲ್ಲಾಗಲಿ ಬಡಗ ಮಾತಿನಲ್ಲಾಗಲಿ ಕೇಳಿ, ಉತ್ತರ ಪಡೆಯುವುದು ನಿಮ್ಮ ಹಕ್ಕು. ಇಸ್ರೋದ ‘ಭುವನ್’ ಎಂಬ ತಾಣದಲ್ಲಿ 2009ರಿಂದ ದೇಶದ ಚಿತ್ರಗಳು ಎಲ್ಲರಿಗೂ ತೆರೆದಿವೆ. ಓದುವ ಮಕ್ಕಳಿಗೆ ಹೇಳಿ, ನಿಮ್ಮ ಊರನ್ನು ಅವರೇ ಹುಡುಕಿ ತೋರಿಸಲಿ. ಆಮೇಲೆ ಮಗುವಿಗೆ ನೀವು ತೋರಿಸಿ: ಈ ಕೆಂಪು ಶೋಲಾ, ಈ ಕೆಂಪು ವ್ಯಾಟಲ್, ಇಲ್ಲಿ ನಮ್ಮ ಅಜ್ಜಿಯ ಕಾಲಕ್ಕೆ ಹುಲ್ಲಿತ್ತು, ಈ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಇರುತ್ತಿತ್ತು ಎಂದು. ಲ್ಯಾಂಡ್‌ಸ್ಯಾಟ್ ಉಪಗ್ರಹದ ನೆನಪು 1972ರ ಆಚೆಗೆ ಹೋಗುವುದಿಲ್ಲ. ಅದಕ್ಕೆ ಹಿಂದಿನದನ್ನು ಕಂಡ ಕಣ್ಣುಗಳು ನಮ್ಮ ಊರುಗಳಲ್ಲಿ ಇನ್ನೂ ಕೆಲವು ಉಳಿದಿವೆ. ಅವರು ಹೇಳುವುದನ್ನು ಬರೆದಿಟ್ಟುಕೊಳ್ಳುವ ಕೆಲಸ ಬೇಗ ಆಗಬೇಕು.

ದೂರದ ಬೆಟ್ಟ ನುಣ್ಣಗೆ ಕಂಡರೆ ಅದು ದೂರದ ಗುಣ. ಹತ್ತಿರದವರು ಸುಮ್ಮನಿದ್ದರೆ ಅದೇ ನಿಜವೆಂದು ಕಾಗದದ ಮೇಲೆ ಬರುತ್ತದೆ. ಹಾಗಾಗದಂತೆ ನೋಡಿಕೊಳ್ಳೋಣ.